ಬೀದರಿಗೆ ಹೊರಟ ತಂಡಗಳಿಗೆ: ಬೆಳ್ಳಿ ಬಿಡಿ, ಕಪ್ಪು ನೋಡಿ

ಬೀದರ್ ಕೋಟೆಯ ಮುಂದೆ ಬಸ್ಸಿಳಿಯುವ ಪ್ರವಾಸಿ ತಂಡಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೋಪಿನ ಪಕ್ಕ ನಿಂತು ಒಂದು ಫೋಟೊ, ಸೋಲಾ ಖಂಬಾ ಮಸೀದಿಯಲ್ಲಿ ಇನ್ನೊಂದು, ಆಮೇಲೆ ಅಂಗಡಿಗೆ ನುಗ್ಗಿ ಬಿದರಿ ಕುಸುರಿಯ ಕೀಚೈನಿಗೆ ಚೌಕಾಸಿ. ಕೋಟೆ ಬೇರೆ, ಕುಸುರಿ ಬೇರೆ ಎಂದುಕೊಂಡು ತಿರುಗಿದವರು ಬೀದರನ್ನು ನೋಡಿಯೇ ಇಲ್ಲ.

ಮೊದಲು ಕೋಟೆಯೊಳಗಿನ ರಂಗೀನ್ ಮಹಲ್. ಬೀಗ ಹಾಕಿದ್ದರೆ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ ತೆಗೆಸಿ. ಅಲ್ಲಿ ಕರಿಗಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ. 16ನೇ ಶತಮಾನದ ಸುಲ್ತಾನ ಅಲಿ ಬರೀದನ ಕಾಲದ ಕೆಲಸ. ಎದುರಿಗೆ ನಿಲ್ಲಬೇಡಿ, ಓರೆಯಾಗಿ ನಿಂತು ನೋಡಿ. ಚಿಪ್ಪು ಹೊಳೆಯುವುದು ಸುತ್ತಲಿನ ಕಪ್ಪಿನ ಬಲದಿಂದ.

ಆ ನೋಟ ಕಣ್ಣಲ್ಲಿರುವಾಗಲೇ ಬಿದರಿ ಕಾರ್ಖಾನೆಗೆ ಬನ್ನಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಅಚ್ಚಿಲ್ಲದೆ ಕೈಯಿಂದಲೇ ಬಳ್ಳಿ ಗೀರುತ್ತಾರೆ. ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಬಡಿಯುತ್ತಾರೆ. ಪ್ರವಾಸಿಗರು ಇಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಆಟ ಶುರುವಾಗುವುದೇ ಇಲ್ಲಿಂದ. ಮತ್ತೆ ಉಜ್ಜಿದಾಗ ಆ ಕಪ್ಪೆಲ್ಲ ಹೋಗಿ, ಬೆಳ್ಳಿ ಯಾವುದು, ಸತು ಯಾವುದು ತಿಳಿಯದಂತೆ ಪಾತ್ರೆ ಬೆಳ್ಳಗಾಗುತ್ತದೆ. ಆಗ ಬರುವುದು ಕೋಟೆಯ ಮಣ್ಣು: ಮಳೆ ಬಿಸಿಲು ತಾಕದ ಹಳೆಯ ಗೋಡೆಗಳ ಒಳಗಿನದು. ಅದನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿ, ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಪಾಳುಬಿದ್ದ ಕೋಟೆ ಇಂದಿಗೂ ಈ ಊರಿನ ಕಸುಬಿಗೆ ಬಣ್ಣ ಕೊಡುತ್ತಿದೆ.

ನನ್ನ ಕಣ್ಣು ತೆರೆದದ್ದು ಊರ ನಡುವಿನ ಚೌಬಾರಾ ಗೋಪುರದ ಹತ್ತಿರದ ಕತ್ತಲೆ ಕೋಣೆಯೊಂದರಲ್ಲಿ. ಮುದುಕ ಉಸ್ತಾದರು ಚಿಟಿಕೆ ಮಣ್ಣನ್ನು ನಾಲಗೆಗಿಟ್ಟು, ತಲೆಯಾಡಿಸಿ ಬೇರೆ ಚೀಲಕ್ಕೆ ಕೈ ಹಾಕಿದರು. ಆ ಮಣ್ಣನ್ನು ಕಾಯಿಸಿ ಹಚ್ಚಿದಾಗ, ನೋಡನೋಡುತ್ತಿದ್ದಂತೆ ಮಂಕು ಹೂಜಿಯ ಮೇಲೆ ಬಳ್ಳಿಗಳು ಎದ್ದವು. ಬೆಳಿಗ್ಗೆ ರಂಗೀನ್ ಮಹಲಿನಲ್ಲಿ ನೋಡಿದ್ದ ಗೋಡೆ ಆಗ ಅರ್ಥವಾಯಿತು.

ಬೆಳ್ಳಿ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ಅಂಗಡಿಯ ರುಚಿ. ಮೈತುಂಬ ಬೆಳ್ಳಿ ತುಂಬಿದ ಹೂದಾನಿಯಲ್ಲಿ ಕಪ್ಪಿಗೆ ಉಸಿರಾಡಲು ಜಾಗವಿಲ್ಲ. ಒಳ್ಳೆಯ ಕೆಲಸದಲ್ಲಿ ಕಪ್ಪು ಹೊಳಪಿಲ್ಲದೆ, ಆಳವಾಗಿ, ಎಲ್ಲೆಡೆ ಒಂದೇ ಸಮ ಇರುತ್ತದೆ. ಬೆರಳಾಡಿಸಿದರೆ ತಂತಿಯ ಅಂಚು ತಡೆಯುವುದಿಲ್ಲ.

ಇಷ್ಟಾದ ಮೇಲೆ ಸಮಯವಿದ್ದರೆ, ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾದಲ್ಲಿ ಉಳಿದ ಮಿನಾರಿನ ಹೆಂಚುಗಳನ್ನು ನೋಡಿ. ಊರ ಹೊರಗಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯೊಳಗಿನ ಚಿತ್ರಗಳಿಗೆ ಟಾರ್ಚು ಒಯ್ಯಿರಿ. ಉಳಿದದ್ದನ್ನು ಗೈಡುಗಳು ಹೇಳುತ್ತಾರೆ.

ಕಪ್ಪು ಹಾಕುವ ಕೆಲಸ ದಿನವೂ ಇರುವುದಿಲ್ಲ. ಯಾವ ದಿನ ಎಂದು ಕಾರ್ಖಾನೆಯಲ್ಲಿ ಮೊದಲೇ ಕೇಳಿಕೊಂಡು ಹೊರಡಿ. ತಂಡ ದೊಡ್ಡದಿದ್ದರೆ ಒಳಗೆ ಹೋಗುವಾಗ ಎರಡು ಮೂರು ಗುಂಪಾಗಿ, ಮಾತು ನಿಲ್ಲಿಸಿ ಕೂರಿ.