‘ಕಾಯುವದು’ ಎಂಬ ಮಾತು: ಆದಿಕಾಂಡ, ಕುಸನೂರು ಮತ್ತು ಕ್ರೈಸ್ತರ ಪರಿಸರ ಚಿಂತನೆ

ಕ್ರೈಸ್ತಧರ್ಮವು ನಿಸರ್ಗವನ್ನು ಮನುಷ್ಯನ ಅಡಿಯಾಳಾಗಿಸಿತೆಂಬ ಆಕ್ಷೇಪ ಹೊಸದಲ್ಲ. ಅಮೇರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಅದನ್ನು ಪ್ರಬಂಧರೂಪದಲ್ಲಿ ಮಂಡಿಸಿದಂದಿನಿಂದ ಚರ್ಚೆಯು ಬಹುಮಟ್ಟಿಗೆ ಆದಿಕಾಂಡದ ಮೊದಲನೆಯ ಅಧ್ಯಾಯವನ್ನೇ ಸುತ್ತಿದೆ. ಪ್ರಾಣಿಗಳ ಮೇಲೆ ಮನುಷ್ಯನಿಗೆ ದೊರೆತ ಅಧಿಕಾರವನ್ನು ಕನ್ನಡ ಬೈಬಲ್ಲು ‘ದೊರೆತನ’ವೆನ್ನುತ್ತದೆ. ಆಂಗ್ಲ ಅಧಿಕಾರಿಯನ್ನೂ ದೊರೆಯೆಂದೇ ಕರೆದ ನಾಡಿನಲ್ಲಿ ಈ ಪದದ ನೆನಪುಗಳು ಎಂಥವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಅಧ್ಯಾಯದ ಧ್ವನಿಯೇ ಬೇರೆ. ತೋಟದಲ್ಲಿಟ್ಟ ಮನುಷ್ಯನಿಗೆ ಅಲ್ಲಿ ಎರಡು ಕೆಲಸಗಳು: ವ್ಯವಸಾಯ ಮಾಡುವದು, ಕಾಯುವದು. ವ್ಯವಸಾಯಕ್ಕೆ ಹೀಬ್ರೂವಿನಲ್ಲಿರುವ ಮಾತಿಗೆ ಸೇವೆ ಮಾಡುವದೆಂಬ ಅರ್ಥವೂ ಉಂಟು. ಇನ್ನೂ ಗಮನಾರ್ಹವಾದುದು ಎರಡನೆಯ ಕ್ರಿಯಾಪದ. ನಾಲ್ಕನೆಯ ಅಧ್ಯಾಯದಲ್ಲಿ, ಹೇಬೆಲನನ್ನು ಕೊಂದ ಕಾಯಿನನು ತಮ್ಮನೆಲ್ಲಿ ಎಂಬ ಪ್ರಶ್ನೆಗೆ ಕೊಡುವ ನುಣುಚುಮಾತಿನಲ್ಲಿಯೂ ಅದೇ ಬಂದಿದೆ. ಮೂಲದಲ್ಲಿ ಎರಡೆಡೆಗೂ ‘ಶಾಮರ್’. ಕನ್ನಡದಲ್ಲಿ ಎರಡೆಡೆಗೂ ‘ಕಾಯು’. ತಮ್ಮನನ್ನು ಕಾಯದವನಿಗೆ ಭೂಮಿಯು ಫಲ ಕೊಡುವದಿಲ್ಲವೆಂದು ಆ ಕಥೆಯೇ ಮುಂದೆ ಹೇಳುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರವು ತೋಟದ ಪ್ರಸಂಗವನ್ನೂ ಕಾಯಿನನ ಪ್ರಸಂಗವನ್ನೂ ಹತ್ತಿರ ಹತ್ತಿರವೇ ಚರ್ಚಿಸಿರುವದು ಆಕಸ್ಮಿಕವಲ್ಲ.

ಸಭೆಗಳ ಕನ್ನಡದಲ್ಲಿ ಈಗ ರೂಢವಾಗಿರುವ ‘ಪರಿಸರ ಸಂರಕ್ಷಣೆ’ಯಲ್ಲಿ ಈ ತಮ್ಮನು ಕಾಣಿಸುವದಿಲ್ಲ. ಸಂರಕ್ಷಣೆಯು ಗಿಡಗಳ ಎಣಿಕೆಯಲ್ಲಿಯೇ ಮುಗಿದುಹೋಗಬಹುದು. ‘ಕಾಯು’ ಎಂದೊಡನೆ ಯಾರಿಗಾಗಿ ಎಂಬ ಪ್ರಶ್ನೆ ಏಳುತ್ತದೆ.

ಈ ಭೇದವು ಕೇವಲ ಶಬ್ದದ್ದಲ್ಲವೆಂಬುದಕ್ಕೆ ಹಾನಗಲ್ಲ ತಾಲೂಕಿನ ಕುಸನೂರು ಸಾಕ್ಷಿ. ಸರಕಾರವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಏರ್ಪಡಿಸಿದುವು. ಕಾರಖಾನೆಗೆ ಬೇಕಾದ ಮರದ ಸಲುವಾಗಿ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಸಾಮುದಾಯಿಕ ಭೂಮಿಯನ್ನು ಅದಕ್ಕೆ ಗೊತ್ತುಮಾಡಲಾಯಿತು. ನೀಲಗಿರಿ ನೆಟ್ಟರು. ನೋಡುವ ಕಣ್ಣಿಗೆ ಅದೂ ಹಸಿರೇ. ಆದರೆ ಆ ನೆಲದಲ್ಲಿ ದನ ಕಾಯುತ್ತಿದ್ದವರಿಗೆ, ಸೌದೆ ಆಯುತ್ತಿದ್ದವರಿಗೆ ಅಲ್ಲಿ ಎಡೆಯಿಲ್ಲದಾಯಿತು. ಕಾಯುವವರನ್ನೇ ಹೊರಗಿಟ್ಟು ನಡೆದ ವನೀಕರಣವದು. 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ಜನರು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಹೂಡಿ, ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಇದೇ ಭೂಮಿಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿದವರಲ್ಲಿ ಶಿವರಾಮ ಕಾರಂತರೂ ಒಬ್ಬರು. 1991ರಲ್ಲಿ ಕಂಪನಿಯನ್ನು ಮುಚ್ಚುವ ನಿರ್ಣಯವಾಯಿತು.

ಇದು ಯಾವ ಚರ್ಚಿನ ಕಾರ್ಯವೂ ಆಗಿರಲಿಲ್ಲ. ಆದರೂ ಆದಿಕಾಂಡದ ಆ ಎರಡು ಅಧ್ಯಾಯಗಳಿಗೆ ಕನ್ನಡ ನೆಲದಲ್ಲಿ ಇದಕ್ಕಿಂತ ಸಮರ್ಪಕವಾದ ಭಾಷ್ಯವನ್ನು ನಾನು ಕಂಡಿಲ್ಲ. ಗಿಡ ನೆಡುವದನ್ನೇ ಭಕ್ತಿಯ ಅಳತೆಗೋಲಾಗಿಸಿಕೊಂಡ ಸಭೆಯು ಅಂದು ಕುಸನೂರಿಗೆ ಹೋಗಿದ್ದರೆ, ಸಸಿ ಕೀಳುವವರನ್ನು ಪರಿಸರದ ವೈರಿಗಳೆಂದೇ ಬಗೆಯಬೇಕಾಗುತ್ತಿತ್ತು!

ಪರಧರ್ಮದವರಿಂದ ಕಲಿಯತಕ್ಕದ್ದೂ ಈ ಸೀಮೆಯಲ್ಲಿ ಉಂಟು. ಸವಣೂರಿನ ಕಲ್ಮಠದ ಆವರಣದಲ್ಲಿರುವ ದೊಡ್ಡಹುಣಸೆ ಮರಗಳು ಆಫ್ರಿಕದ ಕುಲದವು. ಮಠದ ಆಶ್ರಯದಲ್ಲಿ ಶತಮಾನಗಳನ್ನು ಕಳೆದಿವೆ. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಮರಳಿ ನಿಲ್ಲಿಸುವ ಪ್ರಯತ್ನ ನಡೆಯಿತು. ಕನ್ನಡದ ‘ಕಾಯು’ವಿಗೆ ಎದುರುನೋಡುವದೆಂಬ ಅರ್ಥವೂ ಇದೆಯಷ್ಟೆ, ಹೀಬ್ರೂವಿನ ಮಾತಿನಲ್ಲಿ ಈ ಅರ್ಥ ಇಷ್ಟು ಸಹಜವಾಗಿ ಬರುವದಿಲ್ಲ. ಇಲ್ಲಿ ಅನುವಾದವು ಮೂಲಕ್ಕೆ ಏನನ್ನೋ ಕೂಡಿಸಿದೆ.

ಭೂಮಿಯ ಒಡೆತನದ ಮಾತು ರಾಜಕಾರಣವಾಯಿತು, ಧರ್ಮೋಪದೇಶಕ್ಕೆ ಅದು ಸಲ್ಲದು ಎನ್ನುವವರಿದ್ದಾರೆ. ಅವರು ಕಾಯಿನನ ಕಥೆಯನ್ನು ತೋಟದ ಕಥೆಯಿಂದ ಬೇರ್ಪಡಿಸಿ ಓದಬೇಕಾಗುವದು. ಹಾಗೆ ಓದಲು ಕನ್ನಡ ಬೈಬಲ್ಲು ಎಡೆಗೊಡುವದಿಲ್ಲ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗೆ ಸೃಷ್ಟಿಯ ಋತುವನ್ನು ಆಚರಿಸುವ ಸಭೆಗಳು ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಹಿರೇಕೆರೂರಿನಲ್ಲಿಯೋ ಶಿಗ್ಗಾಂವಿಯಲ್ಲಿಯೋ ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ, ಮೊದಲು ಕೇಳಬೇಕಾದುದು ಎಷ್ಟು ಸಸಿ ನೆಟ್ಟೆವೆಂಬುದನ್ನಲ್ಲ. ಊರ ಗೋಮಾಳವೂ ಕೆರೆಯಂಗಳವೂ ಈಗ ಯಾರ ಕೈಯಲ್ಲಿವೆಯೆಂಬುದನ್ನು.