ಅಂಕ ಹೂವಿಗೋ, ಚಿತ್ರಕ್ಕೋ?

ಹೂವಿನ ಕ್ಲೋಸಪ್ ಚಿತ್ರಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಗುಮಾನಿ. ಅರ್ಧ ಕೆಲಸವನ್ನು ಹೂವೇ ಮಾಡಿ ಮುಗಿಸಿರುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಫೋನಿಗೆ ಬಂದು ಬೀಳುವ ಚಿತ್ರಗಳನ್ನೇ ನೋಡಿ: ಬಣ್ಣ ಗಾಢ, ಹಿನ್ನೆಲೆ ಮಸುಕು, ದಳದ ಮೇಲೆ ಒಂದೆರಡು ನೀರಹನಿ (ಎಷ್ಟೋ ಸಲ ಅದು ಸ್ಪ್ರೇ ಬಾಟಲಿಯ ಕೃಪೆ). ‘ಸಖತ್ತಾಗಿದೆ’ ಅನ್ನುತ್ತೇವೆ. ಆ ಹೊಗಳಿಕೆ ಸಲ್ಲಬೇಕಾದ್ದು ಯಾರಿಗೆ?

ಈ ಗಂಟು ಬಿಡಿಸಿಕೊಳ್ಳಲು ನಾನು ಮತ್ತೆ ಮತ್ತೆ ನೋಡುವುದು ಅಮೆರಿಕದ ಇಮೋಜೆನ್ ಕನಿಂಗ್‌ಹ್ಯಾಮ್ 1925ರಲ್ಲಿ ತೆಗೆದ ಎರಡು ಕಪ್ಪು-ಬಿಳುಪು ಚಿತ್ರಗಳನ್ನು. ಎರಡರಲ್ಲೂ ಇರುವುದು ಮ್ಯಾಗ್ನೋಲಿಯಾ, ನಮ್ಮ ಸಂಪಿಗೆಯ ಕುಟುಂಬದ ಹೂವು. ಕನಿಂಗ್‌ಹ್ಯಾಮ್ ರಸಾಯನಶಾಸ್ತ್ರ ಓದಿದವರು, ವಿದ್ಯಾರ್ಥಿನಿಯಾಗಿದ್ದಾಗ ಸಸ್ಯಶಾಸ್ತ್ರ ವಿಭಾಗಕ್ಕೆ ಸ್ಲೈಡ್ ಮಾಡಿಕೊಟ್ಟವರು. ಓಕ್‌ಲ್ಯಾಂಡಿನ ಮನೆಯಲ್ಲಿ ಮೂವರು ಪುಟ್ಟ ಗಂಡುಮಕ್ಕಳನ್ನು ಬಿಟ್ಟು ಹೊರಡಲಾಗದೆ ಹಿತ್ತಲ ಗಿಡಗಳತ್ತ ಕ್ಯಾಮೆರಾ ತಿರುಗಿಸಿದರು.

‘ಮ್ಯಾಗ್ನೋಲಿಯಾ ಬ್ಲಾಸಮ್’ನಲ್ಲಿ ಚೌಕಟ್ಟು ತುಂಬ ದಳಗಳೇ. ಬಿಳಿ ಹೂವನ್ನು ತೆಗೆದು ನೋಡಿದವರಿಗೆ ಗೊತ್ತು, ಬೆಳಕು ಒಂದಿಷ್ಟು ಹೆಚ್ಚಾದರೂ ದಳ ಬರೀ ಕಾಗದದ ತುಂಡಾಗುತ್ತದೆ. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಮೂಡುವ ಆಳ ತೆಳುವಾಗುತ್ತದೆ; ಅಪರ್ಚರ್ ಕಿರಿದು ಮಾಡಿದರೆ ಹೆಚ್ಚು ಹೊತ್ತಿನ ಎಕ್ಸ್‌ಪೋಷರ್ ಬೇಕು, ಅಷ್ಟರಲ್ಲಿ ಒಂದು ಸಣ್ಣ ಗಾಳಿ ಬಂದರೆ ಎಲ್ಲ ಹಾಳು. ಇಲ್ಲಿ ಬಿಳಿಯೊಳಗೇ ಎಷ್ಟೊಂದು ಬೂದುಗಳಿವೆ! ಒಂದೊಂದು ದಳದ ತಗ್ಗೂ ಬಾಗೂ ಕೈಗೆ ಸಿಗುವಂತಿದೆ. ಕಣ್ಣು ಆ ಇಳಿಜಾರಿನಲ್ಲಿ ತಾನಾಗಿ ಜಾರಿ ನಡುವಿನ ದಿಂಡಿಗೆ ಬಂದು ನಿಲ್ಲುತ್ತದೆ: ಕೆಳಗೆ ಕೇಸರಗಳ ಗುಂಪು, ಮೇಲೆ ಸುರುಳಿಗೊಂಡ ಶಲಾಕಾಗ್ರಗಳು. ಬಣ್ಣವಿಲ್ಲ, ಹನಿಯಿಲ್ಲ. ಹೂವಿನ ಸೊಬಗಿನಿಂದ ಎರವಲು ತಂದದ್ದು ಇಲ್ಲಿ ಬಹಳ ಕಡಿಮೆ.

ಇನ್ನೊಂದು ಚಿತ್ರ ‘ಟವರ್ ಆಫ್ ಜುವೆಲ್ಸ್’. ಕ್ಯಾಮೆರಾ ಇನ್ನೂ ಹತ್ತಿರ ಬಂದಿದೆ, ದಳಗಳು ಪರದೆಯಾಗಿ ಹಿಂದೆ ಸರಿದಿವೆ, ದಿಂಡೊಂದೇ ಗೋಪುರದಂತೆ ಎದ್ದಿದೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವಮೇಳದಲ್ಲಿ ಇದೇ ಹೆಸರಿನ, ಗಾಜಿನ ಹರಳು ತೂಗಿಬಿಟ್ಟ ಗೋಪುರವೊಂದಿತ್ತು. ನನ್ನ ತಕರಾರು ಇರುವುದು ಇಲ್ಲೇ. ಹೆಸರು ಓದಿದ ಮೇಲೆ ನನಗೆ ಗೋಪುರ ಕಾಣುತ್ತದೆ, ಹೂವು ಕಾಣುವುದಿಲ್ಲ. ಉಪಮೆ ನೋಟಕ್ಕಿಂತ ಮೊದಲೇ ಬಂದು ಕೂತಿದೆ.

ಹತ್ತಿರ ಹೋಗುವುದೇ ಹೆಚ್ಚುಗಾರಿಕೆಯಾಗಿದ್ದರೆ, ಗಿಡಗಳನ್ನು ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿದ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್‌ಗೇ ಸದಾ ಮೊದಲ ಬಹುಮಾನ ಕೊಡಬೇಕಾದೀತು. ಸಾಹಿತ್ಯ ವಿಭಾಗಗಳಲ್ಲಿ ನಾವೂ ಇದನ್ನೇ ಮಾಡುತ್ತೇವೆ. ಒಂದು ವಚನದಿಂದ ಒಂದು ಪದ ಕಿತ್ತು, ಅದನ್ನೇ ಹಿಗ್ಗಿಸಿ ಇಪ್ಪತ್ತು ಪುಟ ಬರೆದು ‘ನಿಕಟ ಓದು’ ಎನ್ನುತ್ತೇವೆ. ಆ ಪದ ಯಾವ ಸಾಲಿಗೆ ಅಂಟಿಕೊಂಡಿತ್ತು ಎಂದು ಕೇಳಿದರೆ ಪುಟ ತಿರುವಬೇಕು. ‘ಬ್ಲಾಸಮ್’ನಲ್ಲಿ ಕೇಸರ ಯಾವ ದಳದ ಮಡಿಲಲ್ಲಿದೆ ಎಂದು ಯಾರೂ ಕೇಳಬೇಕಾಗಿಲ್ಲ. ಹಾಗಂತ ‘ಟವರ್’ ಸೋತ ಚಿತ್ರವೇನೂ ಅಲ್ಲ. ಶಲಾಕಾಗ್ರಗಳ ಆ ಕೊಕ್ಕೆಯಂಥ ತುದಿಗಳನ್ನು ಹೀಗೆ ನೋಡಲು ನಾನು ಇಂದಿಗೂ ಅದನ್ನೇ ತೆರೆಯುತ್ತೇನೆ, ಹೆಸರಿನ ಮೇಲೆ ಬೆರಳು ಅಡ್ಡ ಇಟ್ಟು.