ಆನರ್ಸ್ ಎಂಬ ಹೆಸರು ಮತ್ತು ಆರೋಗ್ಯವಿದ್ಯೆ



ಸಕಲೇಶಪುರದಿಂದ ಘಟ್ಟವಿಳಿಯುವ ರೈಲು ಐವತ್ತಕ್ಕೂ ಮಿಕ್ಕ ಸುರಂಗಗಳನ್ನು ದಾಟಿ ನೆಟ್ಟಣಕ್ಕೆ ಬಂದು ನಿಲ್ಲುತ್ತದೆ. ಫಲಕದ ಮೇಲೆ ಸುಬ್ರಹ್ಮಣ್ಯ ರೋಡ್ ಎಂದು ಬರೆದಿರುವುದರಿಂದ ಇಲ್ಲಿ ಇಳಿದು ಕುಕ್ಕೆಗೆ ಹೋಗುವ ಯಾತ್ರಿಕರಲ್ಲಿ ಬಹುಮಂದಿಗೆ ತಾವು ನಿಂತ ಊರು ನೆಟ್ಟಣವೆಂಬುದು ತಿಳಿದಿರುವುದಿಲ್ಲ. ಕಾರ್ಯನಿಮಿತ್ತ ನಾವು ಅಲ್ಲಿ ಇಳಿದಾಗ ನಮ್ಮನ್ನು ಎದುರುಗೊಂಡ ಪರಿಚಿತ ಅಧ್ಯಾಪಕರೊಬ್ಬರು ಒಂದು ಯೋಜನಾಪತ್ರವನ್ನು ಕೈಯಲ್ಲಿಟ್ಟು, "ಬುದ್ಧಿಯವರು ಓದಿ ಅಭಿಪ್ರಾಯ ಹೇಳಬೇಕು" ಎಂದರು. ಶುಶ್ರೂಷೆ, ಪ್ರಯೋಗಾಲಯ ತಂತ್ರ, ಅಂಗಸಾಧನೆಯ ಚಿಕಿತ್ಸೆ ಮೊದಲಾದವನ್ನು ಕಲಿಸುವ ಒಂದು ಸಣ್ಣ ಕಾಲೇಜಿನಲ್ಲಿ ಆನರ್ಸ್ ವಿಭಾಗವೊಂದನ್ನು ಕಟ್ಟುವ ಯೋಜನೆ ಅದು. ಅಭಿಪ್ರಾಯವನ್ನು ಅವರೊಬ್ಬರಿಗೆ ಮಾತ್ರ ಹೇಳಿ ಮುಗಿಸಬಹುದಿತ್ತು. ಆದರೆ ಈ ಹಂಬಲವು ಇಂದು ಒಂದು ಕಾಲೇಜಿನದಷ್ಟೇ ಆಗಿ ಉಳಿದಿಲ್ಲವಾದ ಕಾರಣ ತಮ್ಮೆದುರಿಗೇ ಇದನ್ನು ವಿಮರ್ಶಿಸುವುದು ಯುಕ್ತವೆಂದು ತೋರಿತು.

ಮೊದಲು ಹೆಸರಿನ ವಿಚಾರ. ಆನರ್ಸ್ ಎಂಬ ಶಬ್ದಕ್ಕೆ ಕನ್ನಡದಲ್ಲಿ ನೆಲೆಯಾದ ಪ್ರತಿಶಬ್ದವಿಲ್ಲ. "ಗೌರವ ಪದವಿ" ಎಂದರೆ ಓದದೆಯೇ ದೊರೆಯುವ ಡಾಕ್ಟರೇಟಿನ ನೆನಪಾಗಿ ಅರ್ಥವೇ ತಲೆಕೆಳಗಾಗುತ್ತದೆ. ಹಿಂದಿನವರು ಈ ಗೋಜಿಗೆ ಹೋಗದೆ ಆನರ್ಸ್ ಎಂದೇ ಕರೆದರು. ಆ ಶಬ್ದದ ಹಿಂದೆ ಏನಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಆನರ್ಸ್ ಓದಿದ ಜಿ. ಎಸ್. ಶಿವರುದ್ರಪ್ಪನವರಂಥವರ ತಲೆಮಾರನ್ನು ನೆನೆಯಬಹುದು. ಅಲ್ಲಿ ಗುರುವಿನ ಎದುರು ಕುಳಿತು ಒಂದು ಶಾಸ್ತ್ರವನ್ನು ಬೇರುಸಹಿತ ಓದುವುದಕ್ಕೆ ಆ ಹೆಸರು ಸಲ್ಲುತ್ತಿತ್ತು. ಅಮೆರಿಕದಲ್ಲಿ 1922ರ ವೇಳೆಗೆ ಸ್ವಾರ್ಥ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ ಫ್ರಾಂಕ್ ಐಡೆಲಾಟ್ ಎಂಬ ಅಧ್ಯಕ್ಷರು ಇದನ್ನು ಆರಂಭಿಸಿದರು. ಅವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಕೆಲವೇ ವಿದ್ಯಾರ್ಥಿಗಳ ಗೋಷ್ಠಿ, ಸ್ವಂತ ಓದು, ಕಡೆಗೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಉತ್ತರ ಕೊಡುವುದು, ಇಷ್ಟೇ ಅದರ ತಿರುಳು. ಅಲ್ಲಿಂದ ಅದು ಆ ದೇಶದ ದೊಡ್ಡ ವಿಶ್ವವಿದ್ಯಾಲಯಗಳಿಗೂ, ಊರಿನ ಬಡಮಕ್ಕಳು ಎರಡು ವರ್ಷ ಓದುವ ಸಮುದಾಯ ಕಾಲೇಜುಗಳಿಗೂ ಹರಡಿತು.

ಇದು ನಮಗೆ ಹೊಸದೇನೂ ಅಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಪ್ರಥಮಾ, ಕಾವ್ಯ, ಸಾಹಿತ್ಯಗಳನ್ನು ಮುಗಿಸಿ ವಿದ್ವತ್ತಿಗೆ ಬಂದವನನ್ನು ಗುರುಗಳು ವಾಕ್ಯಾರ್ಥಕ್ಕೆ ಕೂರಿಸುತ್ತಿದ್ದರು. ಅಲ್ಲಿ ಪೂರ್ವಪಕ್ಷವನ್ನು ಎದುರಾಳಿ ಒಪ್ಪುವಂತೆ ಮಂಡಿಸಿದ ಮೇಲಲ್ಲದೆ ಸಿದ್ಧಾಂತಕ್ಕೆ ಬಾಯಿ ತೆರೆಯುವಂತಿರಲಿಲ್ಲ. ನಾವು ಮೊದಲ ಸಲ ಕುಳಿತಾಗ ಪೂರ್ವಪಕ್ಷದಲ್ಲಿಯೇ ಮುಗ್ಗರಿಸಿ ಮೂರು ತಿಂಗಳು ಹಿಂದಕ್ಕೆ ಹೋದದ್ದುಂಟು. ಮುಂದೆ ವಿಶ್ವವಿದ್ಯಾಲಯದಲ್ಲಿ ಓದುವಾಗ ಯಾರೂ ನಮ್ಮನ್ನು ಹಾಗೆ ಹಿಂದಕ್ಕೆ ಕಳುಹಿಸಲಿಲ್ಲ. ಅಂಕ ಬಂದಿತ್ತು, ಮುಂದಕ್ಕೆ ಹೋದೆವು.

ಇನ್ನು ನಮ್ಮ ನಾಡಿನ ಇತ್ತೀಚಿನ ಅನುಭವವನ್ನು ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ಒಂದು ವರ್ಷ ಓದಿದರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಮೆಟ್ಟಿಲುಗಳಾದವು. 2023ರಲ್ಲಿ ಸರಕಾರ ಬದಲಾಗಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿತವಾಯಿತು. 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿ ಮರಳಿ ಬಂದಿತು. ತಂದವರು ಒಂದು ಪಕ್ಷ, ತೆಗೆದವರು ಇನ್ನೊಂದು ಪಕ್ಷವೆಂದು ಜನ ಆಡಿಕೊಂಡರು. ನಮ್ಮ ಆಕ್ಷೇಪ ಪಕ್ಷಗಳ ಮೇಲಿನದಲ್ಲ. ವರ್ಷವೊಂದನ್ನು ಕೂಡಿಸುವುದು ಆಜ್ಞೆಯಿಂದ ಆಗುತ್ತದೆ, ಕಳೆಯುವುದೂ ಆಜ್ಞೆಯಿಂದಲೇ ಆಗುತ್ತದೆ. ಆ ವರ್ಷದಲ್ಲಿ ವಿದ್ಯಾರ್ಥಿಯ ಎದುರು ಕುಳಿತುಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ತರುವಾಗಲೂ ಗಟ್ಟಿಯಾಗಿ ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. ಅತಿಥಿ ಉಪನ್ಯಾಸಕರನ್ನೇ ನಂಬಿ ನಡೆಯುವ ಗ್ರಾಮಾಂತರ ಕಾಲೇಜಿನಲ್ಲಿ, ಮುಂದಿನ ವರ್ಷ ತಾನಿಲ್ಲಿ ಇರುವೆನೋ ಇಲ್ಲವೋ ಎಂದು ತಿಳಿಯದ ಗುರುವು ಯಾವ ಶಿಷ್ಯನ ಸಂಶೋಧನೆಯನ್ನು ಕೈಹಿಡಿದು ನಡೆಸಿಯಾನು?

ಈ ಗದ್ದಲದಲ್ಲಿ ಒಂದು ವಿಚಿತ್ರವನ್ನು ಯಾರೂ ಗಮನಿಸಲಿಲ್ಲವೆಂದು ತೋರುತ್ತದೆ. ನಾಲ್ಕು ವರ್ಷ ಓದಿದ ಕಲಾ ಪದವೀಧರನಿಗೆ ಆನರ್ಸ್ ಎಂಬ ಹೆಸರು ದೊರೆಯಿತು. ಶುಶ್ರೂಷಾ ಪದವಿಯಾದರೋ ಬಹುಕಾಲದಿಂದಲೂ ನಾಲ್ಕು ವರ್ಷದ್ದೇ. ತರಗತಿಯ ಪಾಠದ ಜೊತೆಗೆ ವಾರ್ಡಿನಲ್ಲಿ ನಿಂತು, ರಾತ್ರಿಪಾಳಿಯನ್ನೂ ಮಾಡಿ ಪಡೆಯುವ ಆ ಪದವಿಗೆ ಸಾಮಾನ್ಯವಾಗಿ ಈ ಹೆಸರಿಲ್ಲ. ಆರೋಗ್ಯವಿದ್ಯೆಗಳ ಆಡಳಿತ ಬೇರೆ, 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ಬೇರೆ, ಶುಶ್ರೂಷಾ ಪರಿಷತ್ತಿನ ನಿಯಮಗಳೇ ಬೇರೆ, ನಿಜ. ಆದರೂ ಹೆಸರು ಸಿಕ್ಕದ್ದು ಆಡಳಿತದ ಕಾರಣದಿಂದ ಮಾತ್ರವೆಂದು ನಾವು ನಂಬಲಾರೆವು. ಶುಶ್ರೂಷೆಯವಳು ಹೇಳಿದ್ದನ್ನು ಮಾಡುವವಳು, ಆಲೋಚಿಸಬೇಕಾದವರು ಬೇರೆಯವರು ಎಂಬ ಭಾವನೆ ನಮ್ಮ ಸಮಾಜದ ಎಲುಬಿನಲ್ಲಿಯೇ ಇದೆ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ಹೆಂಗಸು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರೆಂದು 1858ರಲ್ಲಿ ಅಂಕಿ-ಅಂಶಗಳ ಚಿತ್ರ ಬರೆದು ಸರಕಾರವನ್ನೇ ಒಪ್ಪಿಸಿದ ಗಣಿತಜ್ಞೆ ಆಕೆಯೇ ಎಂಬುದನ್ನು ಯಾವ ಶಾಲೆಯ ಪಾಠ ಹೇಳುತ್ತದೆ? ದೀಪವನ್ನು ಉಳಿಸಿಕೊಂಡು ಲೆಕ್ಕವನ್ನು ಮರೆತೆವು.

ಈಗ ಆ ಯೋಜನಾಪತ್ರಕ್ಕೆ ಬರುತ್ತೇವೆ. ಬರೆದವರ ಶ್ರದ್ಧೆಯಲ್ಲಿ ಸಂದೇಹವಿಲ್ಲ. ಆದರೆ ಅದರ ಬಹುಭಾಗವು ಯಾರನ್ನು ಸೇರಿಸಿಕೊಳ್ಳಬಾರದು ಎಂಬುದರ ವಿವರಣೆಯೇ ಆಗಿದೆ. ಪಿಯುಸಿಯಲ್ಲಿ ನೂರಕ್ಕೆ ಎಂಬತ್ತೈದು ಅಂಕ ಬಂದಿರಬೇಕು. ಇಂಗ್ಲಿಷಿನಲ್ಲಿ ಸಂದರ್ಶನ ನಡೆಯಬೇಕು. ಆಯ್ಕೆಯಾದವರಿಗೆ ಬೇರೆ ಕೊಠಡಿ, ಎದೆಗೊಂದು ಬಿಲ್ಲೆ, ವರ್ಷದ ಕೊನೆಗೆ ಸನ್ಮಾನ. ವಿದ್ಯಾರ್ಥಿಯು ಮಾಡಬೇಕಾದ ಕೆಲಸದ ವಿಷಯಕ್ಕೆ ಒಂದೇ ವಾಕ್ಯ: "ಒಂದು ಪ್ರಬಂಧವನ್ನು ಒಪ್ಪಿಸತಕ್ಕದ್ದು." ಬಾಗಿಲಿಗೆ ಇಷ್ಟೊಂದು ಕೆತ್ತನೆ ಮಾಡಿ ಮನೆಯನ್ನೇ ಕಟ್ಟದಿದ್ದರೆ ಒಳಗೆ ಹೋದವರು ಕುಳಿತುಕೊಳ್ಳುವುದೆಲ್ಲಿ?

ಆ ಅಧ್ಯಾಪಕರು ಒಂದು ಸಮರ್ಥನೆಯನ್ನೂ ಕೊಟ್ಟರು. ಒಳ್ಳೆಯ ತಾಯಿಮರವನ್ನು ಆರಿಸಿ ಬೀಜದ ಕಾಯಿ ತೆಗೆಯುವುದು ಈ ಸೀಮೆಯ ಕೃಷಿಕರ ಪದ್ಧತಿ, ವಿದ್ಯಾರ್ಥಿಗಳನ್ನೂ ಹಾಗೆಯೇ ಆರಿಸಬೇಡವೇ ಎಂದರು. ದೃಷ್ಟಾಂತ ಅವರದೇ ಇರಲಿ. ನೆಟ್ಟಣದ ಕಿದುವಿನಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ದಕ್ಷಿಣ ಏಷ್ಯಾಕ್ಕಾಗಿ ಇರುವ ಅಂತರರಾಷ್ಟ್ರೀಯ ತೆಂಗಿನ ತಳಿ ಭಂಡಾರವೂ ಅಲ್ಲಿಯೇ. ಹೆಚ್ಚು ಕಾಯಿ ಬಿಡುವ ಮರಗಳನ್ನು ಮಾತ್ರ ಆ ಭಂಡಾರ ಕಾಯುವುದಿಲ್ಲ. ಗಿಡ್ಡ, ಎತ್ತರ, ಸಣ್ಣ ಕಾಯಿಯದು, ದೊಡ್ಡ ಕಾಯಿಯದು, ದೂರದ ದ್ವೀಪಗಳಿಂದ ತಂದದ್ದು, ಎಲ್ಲವನ್ನೂ ಅಲ್ಲಿ ನೆಟ್ಟು ಉಳಿಸಿದ್ದಾರೆ. ನಾಳೆ ಬರುವ ರೋಗವನ್ನೋ ಬರವನ್ನೋ ತಡೆಯುವ ಗುಣ ಯಾವ ಮರದಲ್ಲಿದೆಯೆಂದು ಇಂದಿನ ಇಳುವರಿಯನ್ನು ನೋಡಿ ಹೇಳಲಾಗದು ಎಂಬುದೇ ಅದರ ಕಾರಣ. ಪಿಯುಸಿ ಅಂಕವೂ ಇಂದಿನ ಇಳುವರಿಯೇ. ಮೊದಲ ವರ್ಷ ಎಲ್ಲರಿಗೂ ಬಾಗಿಲು ತೆರೆದಿಟ್ಟು, ಕೆಲಸವನ್ನು ಕಠಿಣ ಮಾಡಿದರೆ ನಿಲ್ಲುವವರು ನಿಲ್ಲುತ್ತಾರೆ, ಬಿಡುವವರು ತಾವಾಗಿಯೇ ಬಿಡುತ್ತಾರೆ. ಹೀಗೆ ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ನಾವು ನಿರೀಕ್ಷಿಸಿದವರೇ ಆಗಿರುವುದಿಲ್ಲವೆಂಬುದು ವಿದ್ಯಾರ್ಥಿನಿಲಯವನ್ನು ನಡೆಸಿದ ನಮ್ಮ ಅನುಭವ.

ಹಾಗಾದರೆ ಆ ಕಠಿಣವಾದ ಕೆಲಸ ಯಾವುದು? ಈ ಸೀಮೆಯಲ್ಲಿ ಅದನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ಗಡಿಯಾಚೆ ಕಾಸರಗೋಡಿನ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಗ್ರಾಮವಿದೆ. ಅದರ ಸುತ್ತಲಿನ ಸರಕಾರಿ ಗೇರು ತೋಟಗಳಿಗೆ ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯುತ್ತಿದ್ದರು. ಅಂಗವಿಕಲವಾಗಿ ಹುಟ್ಟಿದ ಕರುಗಳ ವಿಷಯವನ್ನು ಮೊದಲಿಗೆ ಬರೆದವರು ಪತ್ರಕರ್ತ, ಕೃಷಿಕ ಶ್ರೀ ಪಡ್ರೆಯವರು. ಅಲ್ಲಿಯ ವಾಣೀನಗರದಲ್ಲಿ ಸಣ್ಣ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರು ತಮ್ಮ ಬಳಿಗೆ ಬರುವ ರೋಗಿಗಳ ಮನೆ ಯಾವ ಹಳ್ಳದ ದಂಡೆಯಲ್ಲಿದೆ, ಯಾವ ಮನೆಯಲ್ಲಿ ಎಷ್ಟು ಜನಕ್ಕೆ ಮೂರ್ಛೆ, ಬುದ್ಧಿಮಾಂದ್ಯ, ಅರ್ಬುದರೋಗ ಎಂಬುದನ್ನು ಗುರುತಿಸುತ್ತ ಹೋದರು. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ರೋಗ ಏಕೆ ಎಂಬುದು ಅವರ ಪ್ರಶ್ನೆ. ಅವರ ಹಿಂದೆ ಯಾವ ವಿಶ್ವವಿದ್ಯಾಲಯವೂ ಇರಲಿಲ್ಲ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿಸಂಬಂಧಿ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮತ್ತೊಂದು ಗ್ರಾಮದ ಮಕ್ಕಳೊಡನೆ ಹೋಲಿಸಿ ನೋಡಿದ್ದು ಆ ಬಳಿಕದ ಮಾತು. ನಮ್ಮ ಅಭಿಪ್ರಾಯದಲ್ಲಿ ಆನರ್ಸ್ ಎಂದರೆ ಇದು. ಬಿಲ್ಲೆಯಿಲ್ಲ, ಸನ್ಮಾನವಿಲ್ಲ, ಕಣ್ಣೆದುರಿನ ರೋಗಿಯನ್ನು ನೋಡಿ, ಬರೆದಿಟ್ಟು, ಲೆಕ್ಕಹಾಕಿ, ಹೇಳುವ ಧೈರ್ಯ.

ಗಡಿಯ ಈಚೆಯೂ ಅದೇ ಕಥೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳಲ್ಲಿಯೂ ಇದೇ ಸಿಂಪಡಣೆ ನಡೆಯಿತು. ಕರ್ನಾಟಕ ಸರಕಾರ ಈ ವಿಷವನ್ನು 2011ರ ಫೆಬ್ರವರಿಯಲ್ಲಿ ನಿಷೇಧಿಸಿತು. ಆ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯಾಜ್ಞೆ ನೀಡಿತು. ಪೀಡಿತರಿಗಾಗಿ ಕೊಕ್ಕಡದಲ್ಲಿಯೂ ಕೊಯ್ಲದಲ್ಲಿಯೂ ಪಾಲನಾ ಕೇಂದ್ರಗಳು ಬಂದವು. ನೆಟ್ಟಣದಿಂದ ಇವು ಬಹುದೂರವಲ್ಲ. ಮೂವತ್ತು ವರ್ಷ ವಯಸ್ಸಾದ ಮಗನನ್ನು ಕೂಸಿನಂತೆ ಎತ್ತಿ ಸ್ನಾನ ಮಾಡಿಸುವ ತಾಯಿಯ ಬೆನ್ನು ಎಷ್ಟು ದಿನ ತಾಳೀತು, ಆಕೆಗೆ ಎತ್ತುವ ಯಾವ ಕ್ರಮವನ್ನು ಕಲಿಸಬಹುದು, ಹಾಸಿಗೆಹುಣ್ಣನ್ನು ಮನೆಯಲ್ಲಿರುವ ಸಾಮಗ್ರಿಯಿಂದಲೇ ಹೇಗೆ ತಡೆಯಬಹುದು, ಆಕೆಯ ಅನಂತರ ಆ ಮಗನಿಗೆ ಯಾರು? ಒಬ್ಬ ವಿದ್ಯಾರ್ಥಿನಿ ಎರಡು ಮನೆಗಳಿಗೆ ಎರಡು ವರ್ಷ ತಪ್ಪದೆ ಹೋಗಿ, ಕಂಡದ್ದನ್ನು ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಕೇಳಿ ಬರೆದು, ಗುರುವಿನ ಪ್ರಶ್ನೆಗಳಿಗೆ ಉತ್ತರಿಸಿ, ಕಡೆಗೆ ಸುಳ್ಯದ ವೈದ್ಯಕೀಯ ಕಾಲೇಜಿನಿಂದಲೋ ಮಂಗಳೂರಿನಿಂದಲೋ ಬಂದ ಪರೀಕ್ಷಕರ ಮುಂದೆ ಅದನ್ನು ಮಂಡಿಸಿದರೆ, ಐಡೆಲಾಟರ ಪದ್ಧತಿಗೂ ನಮ್ಮ ವಾಕ್ಯಾರ್ಥಕ್ಕೂ ಏಕಕಾಲದಲ್ಲಿ ನ್ಯಾಯ ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನು ತನ್ನ ವೃತ್ತಿಯ ಪರಿಭಾಷೆಯನ್ನೇ ವಚನಕ್ಕೆ ತಂದನು. ಕೈಯ ಕೆಲಸ ಬೇರೆ, ತಲೆಯ ಕೆಲಸ ಬೇರೆ ಎಂಬ ಭೇದ ಅವನಿಗಿರಲಿಲ್ಲ.

ಇದಕ್ಕೆ ಹಣ ಎಷ್ಟು ಬೇಕು ಎಂದು ಅಧ್ಯಾಪಕರು ಕೇಳಿದರು. ಹಣಕ್ಕಿಂತ ಹೊತ್ತು ಬೇಕು ಎಂದೆವು. ಒಬ್ಬ ಅಧ್ಯಾಪಕರಿಗೆ ಆರೇಳು ವಿದ್ಯಾರ್ಥಿಗಳಿಗಿಂತ ಹೆಚ್ಚು ಬೇಡ. ವಾರಕ್ಕೊಂದು ಮಧ್ಯಾಹ್ನ ಗೋಷ್ಠಿಗಾಗಿ ಬಿಟ್ಟುಕೊಡಬೇಕು, ಆ ಮಧ್ಯಾಹ್ನವನ್ನು ಅವರ ಪಾಠದ ಲೆಕ್ಕದಲ್ಲಿಯೇ ಹಿಡಿಯಬೇಕು. ಇಲ್ಲವಾದರೆ ಮೊದಲ ವರ್ಷ ಉತ್ಸಾಹ, ಎರಡನೆಯ ವರ್ಷ ಆಯಾಸ, ಮೂರನೆಯ ವರ್ಷ ಬರಿಯ ಬಿಲ್ಲೆ. ಆಡಳಿತದವರು ಮೊದಲು ಕತ್ತರಿಸುವುದು ಈ ಮಧ್ಯಾಹ್ನವನ್ನೇ. ಮಠಗಳ ಆಶ್ರಯದಲ್ಲಿ ನಡೆಯುವ ಕಾಲೇಜುಗಳೂ ಇದಕ್ಕೆ ಹೊರತಲ್ಲವೆಂದು ಹೇಳಲು ನಮಗೆ ಸಂಕೋಚವಿಲ್ಲ. ಪ್ರವೇಶದ ಸಂಖ್ಯೆಯನ್ನೂ ರ್‍ಯಾಂಕನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಆತುರ ನಮ್ಮಲ್ಲಿಯೂ ಇದೆ. ದಾಸೋಹಕ್ಕೆ ಲೆಕ್ಕವಿಡದ ನಾವು ಅಧ್ಯಾಪಕರ ಗಂಟೆಗೆ ಮಾತ್ರ ಬಿಗಿಯಾಗಿ ಲೆಕ್ಕವಿಡುತ್ತೇವೆ.

ಹಿಂದಿರುಗುವ ದಿನ ನೆಟ್ಟಣದ ನಿಲ್ದಾಣದಲ್ಲಿ ರೈಲು ತಡವಾಗಿತ್ತು. ಪಕ್ಕದ ಬೆಂಚಿನಲ್ಲಿ ಶುಶ್ರೂಷೆ ಓದುವ ಹುಡುಗಿಯೊಬ್ಬಳು ತನ್ನ ದಾಖಲೆ ಪುಸ್ತಕವನ್ನು ತೆರೆದು ಕುಳಿತಿದ್ದಳು. ಯಾವ ಕಾಲೇಜೆಂದು ನಾವು ಕೇಳಲಿಲ್ಲ. ಒಂದು ಪುಟದ ಅಂಚಿನಲ್ಲಿ ಅವಳು ಬರೆದಿದ್ದ ನಾಲ್ಕು ಸಾಲುಗಳ ಮೇಲೆ ಕೆಂಪು ಗೆರೆ ಎಳೆದಿತ್ತು. ಏನೆಂದು ವಿಚಾರಿಸಿದೆವು. ಕಾಡಿನಂಚಿನ ಊರುಗಳಿಂದ ಬರುವ ಗರ್ಭಿಣಿಯರು ತಪಾಸಣೆಯ ದಿನ ಸರತಿಯಲ್ಲಿ ಯಾವಾಗಲೂ ಕೊನೆಯವರಾಗುತ್ತಾರೆ, ಕೆಲವರು ತೋರಿಸಿಕೊಳ್ಳದೆಯೇ ಹೊರಟುಹೋಗುತ್ತಾರೆ. ಏಕೆಂದರೆ ಬೆಳಗಿನ ಬಸ್ಸು ತಲುಪುವ ಹೊತ್ತಿಗೆ ಚೀಟಿ ಕೊಡುವುದು ಮುಗಿಯುತ್ತ ಬಂದಿರುತ್ತದೆ, ಸಂಜೆಯ ಬಸ್ಸಿಗೆ ಕಾದರೆ ಕತ್ತಲಾಗುತ್ತದೆ. ಇದನ್ನು ಅವಳು ಐದು ವಾರ ಎಣಿಸಿ ಬರೆದಿದ್ದಳು. "ಇದು ಪಠ್ಯದಲ್ಲಿ ಇಲ್ಲ ಅಂತ ಹೊಡೆದುಹಾಕಿದ್ರು, ಸ್ವಾಮೀಜಿ" ಎಂದಳು. ಪಿಯುಸಿಯಲ್ಲಿ ಎಷ್ಟು ಅಂಕ ಬಂದಿತ್ತಮ್ಮಾ ಎಂದು ಕೇಳಿದೆವು. ಅರವತ್ತೊಂದು ಎಂದಳು. ಆ ಯೋಜನಾಪತ್ರ ನಮ್ಮ ಜೋಳಿಗೆಯಲ್ಲಿಯೇ ಇತ್ತು. ಎಂಬತ್ತೈದು ಎಂಬ ಅಂಕಿಯ ಪಕ್ಕದಲ್ಲಿ ಅವಳ ನಾಲ್ಕು ಸಾಲುಗಳನ್ನು ನಾವೇ ನಕಲು ಮಾಡಿಕೊಂಡು ಅಧ್ಯಾಪಕರಿಗೆ ಮರಳಿ ಕಳುಹಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.